ಚೀಸ್ ಬೆಂಗಳೂರಿಂದ ಬರಲಿ, ಮಾಂಸ ನಿಮ್ಮ ಒಲೆ ಮೇಲಿಂದ ಇಳಿಯಲಿ

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದೊಳಗೆ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಬೆಂಗಳೂರಿನಿಂದ ಬರುವ ಕೆಲವರು ಸಂಜೆ ಹೊತ್ತು ಚೀಸ್, ಹ್ಯಾಮ್, ಸಲಾಮಿ ಜೋಡಿಸಿದ ತಟ್ಟೆ ಸಿಗುತ್ತಾ ಎಂದು ಕೇಳುತ್ತಾರೆ. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಹುಡುಕಿದೆ. ಪ್ಯಾಕೆಟ್ ಚೀಸ್ ಬಿಟ್ಟರೆ ಏನೂ ಸಿಗಲಿಲ್ಲ. ಕೈಯಲ್ಲಿ ಮಾಡಿದ ಒಳ್ಳೆಯ ಚೀಸ್ ಎಲ್ಲಿಂದ ತರಿಸಲಿ? ಹಂದಿ ಮಾಂಸ ನಮ್ಮಲ್ಲೇ ಧಾರಾಳ ಇರುವಾಗ ಹ್ಯಾಮ್ ನಾವೇ ಮಾಡಬಹುದಲ್ವಾ?

ಉತ್ತರ: ಚೀಸ್ ತರಿಸಿ, ಮಾಂಸ ತರಿಸಬೇಡಿ. ಚುಟುಕಾಗಿ ಹೇಳಿದರೆ ಇಷ್ಟೇ. ಉಳಿದದ್ದು ಯಾಕೆ, ಹೇಗೆ ಅನ್ನುವುದು.

ಮೊದಲು ಚೀಸ್. ನೀವು ನೋಡಿದ ಪ್ಯಾಕೆಟ್ ಚೀಸ್ ಕೆಟ್ಟದ್ದೇನಲ್ಲ, ಸ್ಯಾಂಡ್‌ವಿಚ್‌ಗೆ ಸರಿಯಾಗಿದೆ. ಆದರೆ ಅದು ಪ್ರೊಸೆಸ್ಡ್ ಚೀಸ್. ಮಾಡಿಟ್ಟ ಚೀಸನ್ನು ಮತ್ತೆ ಕರಗಿಸಿ, ಎಣ್ಣೆ ಒಡೆಯದ ಹಾಗೆ ಒಂದಷ್ಟು ಲವಣ ಸೇರಿಸಿ, ಅಚ್ಚಿಗೆ ಹೊಯ್ದದ್ದು. ಹೀಗೆ ಕಾಯಿಸಿದ ಮೇಲೆ ಅದು ಹಣ್ಣಾಗುವುದಿಲ್ಲ. ಇವತ್ತು ಹೇಗಿದೆಯೋ ಆರು ತಿಂಗಳಿಗೂ ಹಾಗೇ ಇರುತ್ತದೆ. ನಿಮ್ಮ ಅತಿಥಿಗಳು ಕೇಳುತ್ತಿರುವುದು ಹಾಲು, ಹೆಪ್ಪು, ರೆನೆಟ್ (ಹಾಲನ್ನು ಗಟ್ಟಿ ಮಾಡುವ ಕಿಣ್ವ), ಉಪ್ಪು, ಇಷ್ಟರಿಂದ ಮಾಡಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಗಲು ಬಿಟ್ಟ ಚೀಸ್. ಬೆಲೆ ನೋಡಿ ಗಾಬರಿ ಬೀಳಬೇಡಿ. ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಅದರ ಮೇಲೆ ಕಾಯುವ ಕೂಲಿ.

ತಮಾಷೆ ಅಂದರೆ ಹಾಲಿನ ವಿಷಯದಲ್ಲಿ ಕೊಡಗು ಹಿಂದೆ ಬಿದ್ದ ಜಿಲ್ಲೆಯಲ್ಲ. ರಾಜ್ಯದ ಮೊದಲ ಡೈರಿ ಶುರುವಾದದ್ದು ನಿಮ್ಮ ಪಕ್ಕದ ಕೂಡಿಗೆಯಲ್ಲಿ, 1955ರಲ್ಲಿ. ಆದರೂ ನಮ್ಮ ಹಾಲು ಮೊಸರು, ಬೆಣ್ಣೆ, ತುಪ್ಪದ ದಾರಿ ಹಿಡಿಯಿತೇ ಹೊರತು ಚೀಸ್ ಕಡೆ ಹೋಗಲಿಲ್ಲ. ಹತ್ತಿರದಲ್ಲಿ ಹಳೆಯ ಚೀಸ್ ಪರಂಪರೆ ಅಂತ ಇರುವುದು ಕಾವೇರಿ ದಾಟಿದರೆ ಸಿಗುವ ಬೈಲಕುಪ್ಪೆಯ ಟಿಬೆಟನ್ನರದ್ದು. ಅವರ ಒಣ ಛುರ್ಪಿ ಕಲ್ಲಿನ ಹಾಗಿರುತ್ತದೆ. ಬಾಯಲ್ಲಿಟ್ಟು ಅರ್ಧ ಗಂಟೆ ಚಪ್ಪರಿಸಬೇಕು. ಅಲ್ಲಿನ ಅಂಗಡಿಗಳಲ್ಲಿ ಕೇಳಿ ನೋಡಿ. ತಟ್ಟೆಯ ಮೂಲೆಯಲ್ಲಿ ನಾಲ್ಕು ತುಂಡು ಇಟ್ಟು ಇದು ಏನು ಅಂತ ಹೇಳಿದರೆ ಅತಿಥಿಗಳಿಗೆ ಅದೇ ಒಂದು ಮಾತು. ಹೊಟ್ಟೆ ತುಂಬಿಸಲು ಮಾತ್ರ ಅದು ಆಗುವುದಿಲ್ಲ.

ಇನ್ನು ತರಿಸುವ ಜಾಗಗಳು. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಅಂತ ಒಂದು ಹೆಸರಿದೆ. ಬೆನೆಡಿಕ್ಟೈನ್ ಪಂಗಡದ ಕ್ರೈಸ್ತ ಸನ್ಯಾಸಿಗಳು ಇಟಾಲಿಯನ್ ಪದ್ಧತಿಯಲ್ಲಿ ಮೊಝರೆಲ್ಲಾ, ಬುರ್ರಾಟಾ (ಒಳಗೆ ಕೆನೆ ತುಂಬಿದ ಮೆತ್ತನೆ ಉಂಡೆ), ರಿಕೋಟಾ, ಮಸ್ಕಾರ್ಪೋನೆ ಮಾಡುತ್ತಾರೆ. ತಾಜಾ ಚೀಸ್‌ಗೆ ನನ್ನ ಮೊದಲ ಆಯ್ಕೆ ಅದೇ. ಬಿಳಿ ಮಖಮಲ್ಲಿನಂಥ ಸಿಪ್ಪೆ ಇರುವ ಬ್ರೀ ಬೇಕಾದರೆ ಅದೇ ಊರಿನ ಬೇಗಂ ವಿಕ್ಟೋರಿಯಾ. ಚೆನ್ನೈನ ಕಾಸೆ ಇಬ್ಬರು ಹೆಂಗಸರು ಸೇರಿ ಕಟ್ಟಿದ್ದು. ಅವರ ಚೀಸ್‌ಗಳಲ್ಲಿ ಮೆಣಸು, ಮಸಾಲೆಯ ಪ್ರಯೋಗ ಜಾಸ್ತಿ, ಅದೂ ಚೆನ್ನಾಗಿರುತ್ತದೆ. ಆರೋವಿಲ್‌ನ ಲಾ ಫೆರ್ಮ್ ಹಳಬರು. ಅವರ ಆರೋಬ್ಲೋಶಾನ್ ಅನ್ನುವ ಮೆತ್ತನೆ ಚೀಸ್‌ನ ವಾಸನೆ ಸ್ವಲ್ಪ ಗಡಸು. ಮೊದಲ ಸಲ ಚೀಸ್ ತಿನ್ನುವವರ ಮುಂದೆ ಇಡಬೇಡಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ನೀಲಗಿರಿ ಕಡೆ ನೋಡುತ್ತಿದ್ದೆ. ಕೂನೂರಿನಲ್ಲಿ ಏಕರ್ಸ್ ವೈಲ್ಡ್ ಅಂತ ಒಂದು ಹಸು ಸಾಕುವ ತೋಟ ಇದೆ. ಹಿಂದಿ ಚಿತ್ರ ನಿರ್ದೇಶಕ ಮನ್ಸೂರ್ ಖಾನ್ ಮುಂಬೈ ಬಿಟ್ಟು ಬಂದು ಕಟ್ಟಿದ್ದು. ಗೌಡಾ, ಚೆಡ್ಡಾರ್ ಜಾತಿಯ ಗಟ್ಟಿ ಚೀಸ್ ಮಾಡುತ್ತಾರೆ, ಉಳಿದುಕೊಳ್ಳಲು ಕೋಣೆಗಳಿವೆ, ಚೀಸ್ ಮಾಡುವುದನ್ನೂ ಕಲಿಸುತ್ತಾರೆ. ಅಂದರೆ ಹೆಚ್ಚೂಕಡಿಮೆ ನಿಮ್ಮದೇ ವ್ಯಾಪಾರ! ಕುಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿ, ಗೂಡಲೂರು, ಊಟಿ ದಾರಿಯಾಗಿ ಹೋಗಬಹುದು. ಮಳೆ ಬಿಟ್ಟ ಮೇಲೆ, ಅತಿಥಿಗಳು ಕಮ್ಮಿ ಇರುವ ಒಂದು ವಾರ ನೋಡಿ ಹೋಗಿ ಬನ್ನಿ. ಚೀಸ್ ತರುವುದಕ್ಕಿಂತ ಅವರು ಅತಿಥಿಗಳಿಗೆ ಅದನ್ನು ಹೇಗೆ ತೋರಿಸುತ್ತಾರೆ ಅನ್ನುವುದನ್ನು ನೋಡಿ ಬರುವುದೇ ಲಾಭ.

ಇಷ್ಟೆಲ್ಲ ಹೆಸರು ಹೇಳಿದೆ ಅಂತ ಎಲ್ಲವನ್ನೂ ತರಿಸಬೇಡಿ. ನಾಲ್ಕು ಕೋಣೆಯ ಮನೆಗೆ ಮೂರು ಚೀಸ್ ಸಾಕು. ತಲೆಗೆ ಒಟ್ಟು 80ರಿಂದ 100 ಗ್ರಾಂ ಲೆಕ್ಕ ಹಾಕಿ, ಆಮೇಲೆ ಊಟ ಇದ್ದೇ ಇರುತ್ತದೆ. ಒಂದು ಗಟ್ಟಿ, ಒಂದು ಮೆತ್ತಗಿನದು, ಒಂದು ತಾಜಾ. ಮಳೆಗಾಲದಲ್ಲಿ ಅದನ್ನೂ ಬಿಟ್ಟು ಎರಡು ಗಟ್ಟಿ ಚೀಸ್ ಮಾತ್ರ. ಯಾಕೆ ಅಂತ ನಿಮಗೇ ಗೊತ್ತು. ಜೂನ್ ಬಂತೆಂದರೆ ಲೈನ್ ಮೇಲೆ ಮರ ಬಿತ್ತು, ಎರಡು ದಿನ ಕರೆಂಟ್ ಇಲ್ಲ. ಇನ್ವರ್ಟರ್‌ಗೆ ಬಲ್ಬು, ಫ್ಯಾನ್ ಕೊಟ್ಟಿರುತ್ತೇವೆ, ಫ್ರಿಜ್ ಕೊಟ್ಟಿರುವುದಿಲ್ಲ. ಮಾಗಿದ ಗೌಡಾ ಅಂಥ ಎರಡು ದಿನ ತಡೆಯುತ್ತದೆ. ಬುರ್ರಾಟಾ ತಡೆಯುವುದಿಲ್ಲ.

ಬುರ್ರಾಟಾ ಅಂದಾಗ ನನ್ನದೊಂದು ಕಥೆ. ಹತ್ತು ಜನರ ಊಟಕ್ಕೆ ಅಂತ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹಾಕಿಸಿದ್ದೆ. ಥರ್ಮಾಕೋಲ್ ಡಬ್ಬಿ, ಜೆಲ್ ಪ್ಯಾಕ್ ಎಲ್ಲ ಸರಿಯಾಗೇ ಇತ್ತು. ಬಸ್ಸಿನವರು ಡಬ್ಬಿಯನ್ನು ಇಂಜಿನ್ ಪಕ್ಕ ಇಟ್ಟಿದ್ದರು. ಬೆಳಿಗ್ಗೆ ಮಡಿಕೇರಿಯಲ್ಲಿ ತೆಗೆದು ನೋಡಿದರೆ ಬಿಸಿನೀರಿನಲ್ಲಿ ತೇಲುವ ಹತ್ತು ಹುಳಿ ಉಂಡೆ. ಅವತ್ತು ಅತಿಥಿಗಳಿಗೆ ಪನೀರ್ ಹುರಿದು ಕೊಟ್ಟೆ. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನವಿಲ್ಲ, ಏನಿದ್ದರೂ ಬಸ್ಸು. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್. ಹಾಗಾಗಿ ಈಗ ನಾನು ಮಾಡುವುದು ಹೀಗೆ: ಗಟ್ಟಿ ಚೀಸ್ ಮಾತ್ರ ಬಸ್ಸಿಗೆ. ತಾಜಾ ಬೇಕೇ ಬೇಕಾದರೆ ಬರುವ ಅತಿಥಿಗಳಿಗೇ ಕೇಳುತ್ತೇನೆ, ಬರುವಾಗ ಒಂದು ಡಬ್ಬಿ ಹಿಡಿದುಕೊಂಡು ಬರ್ತೀರಾ, ಬಿಲ್ಲಿನಲ್ಲಿ ಕಳೆಯುತ್ತೇನೆ ಅಂತ. ಯಾರೂ ಬೇಡ ಅಂದಿಲ್ಲ.

ಬಂದ ಚೀಸನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದಿಡಬೇಡಿ, ಬೆವರುತ್ತದೆ. ಬಟರ್ ಪೇಪರ್ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ, ಫ್ರಿಜ್ಜಿನ ತರಕಾರಿ ಖಾನೆಯಲ್ಲಿಡಿ. ಮೀನಿನ ಪಕ್ಕ ಬೇಡ. ಬಡಿಸುವ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆಯಿರಿ, ತಣ್ಣಗಿನ ಚೀಸ್‌ಗೆ ರುಚಿಯೇ ಇರುವುದಿಲ್ಲ. ಗಟ್ಟಿ ಚೀಸ್ ಮೇಲೆ ಬೂಷ್ಟು ಕಂಡರೆ ಸುತ್ತ ಒಂದು ಇಂಚು ಕತ್ತರಿಸಿ ತೆಗೆದರೆ ಉಳಿದದ್ದು ತಿನ್ನಬಹುದು. ಮೆತ್ತನೆ ಚೀಸ್ ಮೇಲೆ ಅದರದ್ದಲ್ಲದ ಬೂಷ್ಟು ಬಂದರೆ ಪೂರ್ತಿ ಎಸೆಯಿರಿ. ಸಸ್ಯಾಹಾರಿ ಅತಿಥಿಗಳಿದ್ದರೆ ರೆನೆಟ್ ವಿಷಯ ಕೇಳುತ್ತಾರೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಸಂಪ್ರದಾಯದಂತೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಮ್ಮ ದೇಶದಲ್ಲಿ ಮಾಡುವ ಚೀಸ್‌ಗೆ ಬಹುತೇಕ ಸೂಕ್ಷ್ಮಜೀವಿಗಳಿಂದ ತೆಗೆದದ್ದು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ, ಮುಗಿಯಿತು.

ಈಗ ಹಂದಿಗೆ ಬರೋಣ. ನನಗೆ ಹೇಳಬೇಕಾಗಿರುವುದು ಜಾಸ್ತಿ ಇರುವುದು ಇಲ್ಲೇ.

ಇಂಥ ಮಾಂಸದ ಕೆಲಸಕ್ಕೆ ಫ್ರೆಂಚರು ಶಾರ್ಕ್ಯುಟರಿ ಅನ್ನುತ್ತಾರೆ. ಆ ಮಾತನ್ನು ಒಡೆದರೆ ಸಿಗುವುದು 'ಬೇಯಿಸಿದ ಮಾಂಸ'. ಹಸಿಯಾಗಿ ಒಣಗಿಸಿದ್ದು ಅಂತಲ್ಲ! ಬೇಯಿಸಿದ ಹ್ಯಾಮ್, ಲಿವರ್ ಅರೆದು ಮಾಡುವ ಪಾತೆ, ಕೊಬ್ಬಿನಲ್ಲಿ ಬೇಯಿಸಿ ಎಳೆ ಬಿಡಿಸಿದ ರಿಯೆತ್, ಸಾಸೇಜ್, ಇವೆಲ್ಲ ಅದರೊಳಗೆ ಬರುತ್ತವೆ. ಬೇಯಿಸದೆ ಒಣಗಿಸಿ ತೆಳ್ಳಗೆ ಕತ್ತರಿಸುವ ಇಟಲಿಯ ಪಾರ್ಮಾ ಹ್ಯಾಮ್, ಸಲಾಮಿ ಅದರ ಒಂದು ಕೊಂಬೆ ಮಾತ್ರ. ಪೇಟೆಯವರ ತಲೆಯಲ್ಲಿ ಕೂತಿರುವುದು ಆ ಕೊಂಬೆ. ಕೊಡಗಿನಲ್ಲಿ ಆಗದೇ ಇರುವುದೂ ಅದೊಂದೇ.

ಪಾರ್ಮಾ ಹ್ಯಾಮ್‌ಗೆ ಹಂದಿಯ ಹಿಂಗಾಲಿನ ತೊಡೆ ಮತ್ತು ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಮೂರನೆಯದು ಅಲ್ಲಿನ ಒಣ ಗಾಳಿ. ಒಂದು ವರ್ಷಕ್ಕೂ ಮೀರಿ ತೂಗುಹಾಕುತ್ತಾರೆ. ಹೀಗೆ ಒಣಗಿಸುವ ಕೋಣೆ 12ರಿಂದ 15 ಡಿಗ್ರಿ ಇರಬೇಕು, ಗಾಳಿಯ ತೇವ ನೂರಕ್ಕೆ 75ರ ಆಸುಪಾಸು. ಮಾಂಸ ತನ್ನ ತೂಕದ ಮೂರನೇ ಒಂದು ಭಾಗ ನೀರು ಕಳೆದುಕೊಳ್ಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಮಾಂಸ ಎಲ್ಲಿ ಒಣಗಬೇಕು? ನಾನು ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಭಾರೀ ಹುಮ್ಮಸ್ಸಿನಲ್ಲಿ ಒಂದು ತೊಡೆಗೆ ಉಪ್ಪು ಹಚ್ಚಿ ಸ್ಟೋರ್ ರೂಮಿನಲ್ಲಿ ನೇತುಹಾಕಿದ್ದೆ. ಮೂರನೇ ವಾರ ಹಸಿರು ಬೂಷ್ಟು, ನಾಲ್ಕನೇ ವಾರ ಎಲುಬಿನ ಹತ್ತಿರ ಕೊಳೆತ ವಾಸನೆ. ತೋಟದಲ್ಲಿ ಗುಂಡಿ ತೋಡಿ ಹೂಳಬೇಕಾಯಿತು. ನಾಯಿ ಅದನ್ನು ಎರಡು ಸಲ ಎಳೆದು ತಂದಿತು, ಆ ಕಥೆ ಬೇರೆ.

ಹಾಗಾದರೆ ನಮ್ಮವರು ಮಳೆಗಾಲಕ್ಕೆ ಮಾಂಸ ಹೇಗೆ ಇಡುತ್ತಿದ್ದರು? ನಮ್ಮ ತಾಯಿ (ಅಜ್ಜಿಯನ್ನು ನಾವು ಕರೆಯುವುದೇ ಹಾಗೆ) ಉಪ್ಪು, ಅರಿಶಿನ ಹಚ್ಚಿದ ಉದ್ದುದ್ದ ತುಂಡುಗಳನ್ನು ಒಲೆ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ದಿನವಿಡೀ ಒಲೆ ಉರಿಯುತ್ತಿತ್ತು, ಹೊಗೆ ಮತ್ತು ಶಾಖ ಎರಡೂ ತಾಗುತ್ತಿತ್ತು. ಒಣ ಗಾಳಿ ಇಲ್ಲದ ಊರಿನವರು ಗಾಳಿಯ ಕೆಲಸವನ್ನು ಒಲೆಯಿಂದ ಮಾಡಿಸಿಕೊಂಡರು. ಅದೇ ಒಣಕ್ ಎರಚಿ. ಬೇಕಾದಾಗ ಒಂದು ತುಂಡು ಇಳಿಸಿ, ತೊಳೆದು, ಬೇಯಿಸಿ, ಜಜ್ಜಿ, ಹುರಿದು ಬಡಿಸುತ್ತಿದ್ದರು. ಗಮನಿಸಿ, ಬೇಯಿಸಿ. ಹೊಗೆ ಹಾಕಿದ್ದನ್ನು ಹಾಗೇ ಕೊಯ್ದು ಯಾರೂ ತಿಂದವರಲ್ಲ. ಹಂದಿ ಮಾಂಸದಲ್ಲಿ ಲಾಡಿಹುಳದ ಮರಿಗಳು ಇರಬಹುದು. ಹೊಗೆಗೆ ಅವು ಸಾಯುತ್ತವೆ ಅಂತ ನಂಬಿ ಕೂರುವಂತಿಲ್ಲ, ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ನಿಮ್ಮ ಅತಿಥಿಗಳಲ್ಲಿ ಯಾರಾದರೂ ಸ್ಪೇನ್‌ಗೆ ಹೋಗಿ ಬಂದವರು, ಇದನ್ನು ಹಸಿಯಾಗೇ ತೆಳ್ಳಗೆ ಕೊಯ್ದು ಕೊಡಿ ಅಂತ ಕೇಳೇ ಕೇಳುತ್ತಾರೆ. ಇಲ್ಲ ಅನ್ನಿ.

ಹಾಗಾಗಿ ನಿಮ್ಮ ತಟ್ಟೆಗೆ ನಾನು ಹೇಳುವುದು ಎರಡು ಮಾಂಸ. ಒಂದು, ಬೇಯಿಸಿ ಹೊಗೆ ಹಾಕಿದ ಹೊಟ್ಟೆ ಭಾಗ. ಕೊಬ್ಬು ಮಾಂಸ ಪದರ ಪದರವಾಗಿರುವ ಒಂದು ಕಿಲೋ ತುಂಡಿಗೆ 25 ಗ್ರಾಂ ಉಪ್ಪು, 10 ಗ್ರಾಂ ಬೆಲ್ಲದ ಪುಡಿ, ನಿಮ್ಮದೇ ತೋಟದ ಕಾಳುಮೆಣಸು ಜಜ್ಜಿ ಹಚ್ಚಿ. ಬೇಕನ್ ತರಹ ನಸುಗೆಂಪು ಬಣ್ಣ, ಆ ರುಚಿ ಬೇಕಾದರೆ ಕ್ಯೂರಿಂಗ್ ಸಾಲ್ಟ್ ಬೇಕು. ಉಪ್ಪಿನಲ್ಲಿ ನೂರಕ್ಕೆ 6.25 ಪಾಲು ನೈಟ್ರೈಟ್ ಬೆರೆಸಿದ ಗುಲಾಬಿ ಪುಡಿ ಅದು. ಕಿಲೋ ಮಾಂಸಕ್ಕೆ 2.5 ಗ್ರಾಂ ಮಾತ್ರ, ಒಂದು ಕಾಳೂ ಹೆಚ್ಚಿಲ್ಲ. ಚಮಚದ ಅಂದಾಜು ನಡೆಯುವುದಿಲ್ಲ, ಚಿನ್ನದಂಗಡಿ ತಕ್ಕಡಿಯಂಥದ್ದು ಬೇಕು. ಮನೆಯ ಉಪ್ಪಿನ ಡಬ್ಬಿಯ ಹತ್ತಿರಕ್ಕೂ ಅದು ಬರಬಾರದು, ಜಾಸ್ತಿಯಾದರೆ ವಿಷ. ಗುಲಾಬಿ ಬಣ್ಣ ಹಾಕಿರುವುದೇ ಗುರುತು ತಪ್ಪದಿರಲಿ ಅಂತ. ಇದೆಲ್ಲ ತಲೆನೋವು ಅನ್ನಿಸಿದರೆ ಬಿಟ್ಟುಬಿಡಿ, ಬಣ್ಣ ಬೂದಿಯಾಗುತ್ತದೆ ಅಷ್ಟೇ. ಆಗ ಉಪ್ಪು ಹಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಬೇಯಿಸಿ. ಮಂದ ಉರಿಯಲ್ಲಿ ಹೊಗೆ ಹಾಕುತ್ತಾ ಕೂರುವುದು ಬೇಡ. ಕ್ಯೂರಿಂಗ್ ಸಾಲ್ಟ್ ಹಾಕಿದ್ದಾದರೆ ಏಳು ದಿನ ಫ್ರಿಜ್ಜಿನಲ್ಲಿ, ದಿನಾ ಒಮ್ಮೆ ಮಗುಚಬೇಕು.

ಏಳನೇ ದಿನ ತೊಳೆದು, ಒರೆಸಿ, ಮುಚ್ಚಳ ಇರುವ ಒಲೆಯಲ್ಲಿ ಕಾಫಿ ಮರದ ಸೌದೆಯ ಹೊಗೆ ಕೊಡಿ. ಹಳೆ ಗಿಡ ಕಿತ್ತಾಗ ಸಿಗುವ ಒಣಗಿದ ಸೌದೆ ಒಳ್ಳೆಯದು, ಹೊಗೆ ತೆಳ್ಳಗೆ ಬರುತ್ತದೆ. ಅಂಟು ಬರುವ ಮರ, ಬಣ್ಣ ಬಳಿದ ಹಲಗೆ ಬೇಡ. ಮಾಂಸದ ನಡುವಿಗೆ ಚುಚ್ಚುವ ಥರ್ಮಾಮೀಟರ್ ಒಂದು ಕೊಂಡುಕೊಳ್ಳಿ. ಅದು 71 ಡಿಗ್ರಿ ತೋರಿಸುವವರೆಗೆ ಇಳಿಸಬೇಡಿ. ಪೂರ್ತಿ ತಣ್ಣಗಾದ ಮೇಲೆ ತೆಳ್ಳಗೆ ಕತ್ತರಿಸಿ. ಫ್ರಿಜ್ಜಿನಲ್ಲಿ ಒಂದು ವಾರ.

ಎರಡನೆಯದು ನನಗೆ ಇನ್ನೂ ಇಷ್ಟ. ರಿಯೆತ್. ಭುಜದ ಮಾಂಸ ಕೊಬ್ಬಿನ ಸಮೇತ ಒಂದು ಕಿಲೋ, ಉಪ್ಪು 15 ಗ್ರಾಂ, ಕಾಳುಮೆಣಸು, ಒಂದೆರಡು ಪಲಾವ್ ಎಲೆ, ತಳ ಹಿಡಿಯದಷ್ಟು ನೀರು. ದಪ್ಪ ತಳದ ಪಾತ್ರೆಯಲ್ಲಿ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ. ನೀರು ಆರಿ, ಮಾಂಸ ತನ್ನ ಕೊಬ್ಬಿನಲ್ಲೇ ಬೇಯಬೇಕು. ಫೋರ್ಕಿನಿಂದ ಎಳೆ ಎಳೆ ಬಿಡಿಸಿ, ಕೊನೆಗೆ ಒಂದು ಚಮಚ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ. ಮೊದಲೇ ಹಾಕಿದರೆ ಹುಳಿ ಎಲ್ಲವನ್ನೂ ನುಂಗುತ್ತದೆ. ಬಾಟಲಿಗೆ ಒತ್ತಿ, ಮೇಲೆ ಕರಗಿದ ಕೊಬ್ಬು ಹೊಯ್ದು ಮುಚ್ಚಿ. ಫ್ರಿಜ್ಜಿನಲ್ಲಿ ಎರಡು ವಾರ. ಕೊಬ್ಬು ಮುಚ್ಚಿದೆ ಅಂತ ಹೊರಗೆ ಕಪಾಟಿನಲ್ಲಿಡಬೇಡಿ. ಗಾಳಿ ಹೋಗದ ಜಾಗದಲ್ಲೇ ಬೆಳೆಯುವ ವಿಷಕಾರಿ ಕೀಟಾಣುಗಳಿವೆ, ವಾಸನೆಯಿಂದ ಗೊತ್ತಾಗುವುದಿಲ್ಲ. ಇದನ್ನು ಕೆಂಡದ ಮೇಲೆ ಸುಟ್ಟ ಬಿಸಿ ಅಕ್ಕಿ ಒಟ್ಟಿಯ (ರೊಟ್ಟಿಯ) ಜೊತೆ ಕೊಟ್ಟು ನೋಡಿ. ಬ್ರೆಡ್ಡು ಯಾರೂ ಕೇಳುವುದಿಲ್ಲ.

ಆದರೂ ಸಲಾಮಿ ಇಲ್ಲದೆ ಆಗುವುದಿಲ್ಲ ಅನ್ನುವವರು ಇರುತ್ತಾರೆ. ಬೆಂಗಳೂರಿನ ಫ್ರೇಜರ್ ಟೌನ್, ಕುಕ್ ಟೌನ್, ರಿಚ್ಮಂಡ್ ಟೌನ್ ಕಡೆ ಕೋಲ್ಡ್ ಸ್ಟೋರೇಜ್ ಅಂತ ಬೋರ್ಡ್ ಇರುವ ಅಂಗಡಿಗಳಲ್ಲಿ ವಿಚಾರಿಸಿ. ಹ್ಯಾಮ್, ಬೇಕನ್, ಸಾಸೇಜ್‌ಗೆ ಹಳೆಯ ವಿಳಾಸ ಅವೇ. ಗೋವಾದ ಶೊರಿಸ್ ಸಾಸೇಜ್ ಸಿಕ್ಕರೆ ತನ್ನಿ, ಆದರೆ ಸಲಾಮಿ ಅಂತ ತಿಳಿದು ಹಾಗೇ ತಟ್ಟೆಗೆ ಇಡಬೇಡಿ. ಅದು ಹಸಿ ಮಾಂಸ, ಬೇಯಿಸಲೇಬೇಕು. ಮೆಣಸಿನಕಾಯಿ, ವಿನೆಗರ್ ಹಾಕಿ ಮಾಡುವ ಅದಕ್ಕೂ ನಮ್ಮ ಪಂದಿ ಕರಿಗೂ ಏನೋ ನೆಂಟಸ್ತಿಕೆ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಕಾಡುಹಂದಿ ಇದೆ, ಬೇಕಾ ಅಂತ ಯಾರಾದರೂ ರಾತ್ರಿ ಬಂದು ಕೇಳಬಹುದು. ಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ. ಕಾಯ್ದೆ ಬಿಟ್ಟರೂ, ಆ ಮಾಂಸವನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಗೊತ್ತಿರುವ ಅಂಗಡಿಯಲ್ಲಿ, ಕಡಿದ ದಿನವೇ ತನ್ನಿ. ಮನೆಗೆ ಬಂದ ಅತಿಥಿಗಳಿಗೆ ಬಡಿಸುವುದು ಬೇರೆ, ಬಾಟಲಿ ತುಂಬಿ ಮಾರುವುದು ಬೇರೆ. ರಿಯೆತ್ ಚೆನ್ನಾಗಿ ಬಂತು ಅಂತ ಮಾರಲು ಹೊರಟರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ವಿಚಾರಿಸಿಕೊಂಡು ಮುಂದುವರಿಯಿರಿ.

ತಟ್ಟೆ ಜೋಡಿಸುವಾಗ ಆಲಿವ್, ದ್ರಾಕ್ಷಿ ಅಂತ ದುಡ್ಡು ಸುರಿಯಬೇಡಿ. ಗೌಡಾ ಪಕ್ಕ ತೋಟದ ಜೇನು. ಬ್ರೀ ಪಕ್ಕ ಕೊಡಗಿನ ಕಿತ್ತಳೆ, ಸಿಗುವ ಕಾಲದಲ್ಲಿ. ಹೊಗೆ ಮಾಂಸದ ಪಕ್ಕ ಪರಂಗಿ ಮಾಲಿನ ಉಪ್ಪಿನಕಾಯಿ, ಅದೂ ಸ್ವಲ್ಪವೇ, ಆ ಪುಟ್ಟ ಮೆಣಸಿನ ಖಾರ ಪೇಟೆಯವರಿಗೆ ಗೊತ್ತಿರುವುದಿಲ್ಲ. ತಾಜಾ ಚೀಸ್ ಬರಲಿಲ್ಲವಾ? ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೀರು ಇಳಿಸಿ, ಉಪ್ಪು ಹಾಕಿ ಉಂಡೆ ಕಟ್ಟಿ, ಕಾಳುಮೆಣಸಿನ ತರಿಯಲ್ಲಿ ಉರುಳಿಸಿ. ಅರಬರು ಇದಕ್ಕೆ ಲಬ್ನೆ ಅನ್ನುತ್ತಾರೆ. ಹಂದಿ ತಿನ್ನದವರು, ಮಾಂಸವೇ ತಿನ್ನದವರು ಒಟ್ಟಿಗೆ ಬಂದಾಗ ಹಲಗೆ ಎರಡು, ಚಾಕು ಎರಡು. ಒಂದೇ ಹಲಗೆಯಲ್ಲಿ ಆ ತುದಿ ಈ ತುದಿ ಅಂತ ಇಡಬೇಡಿ.

ಮೊದಲ ತಟ್ಟೆಯನ್ನು ಅತಿಥಿಗಳ ಮುಂದೆ ಇಡುವ ಮೊದಲು ಮನೆಯವರ ಮುಂದೆ ಇಡಿ. ಬ್ರೀ ನೋಡಿ ಹಿರಿಯರು ಬೂಷ್ಟು ಹಿಡಿದಿದೆ, ಎಸಿ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಒಣಕ್ ಎರಚಿಗೆ ಉಪ್ಪು ಎಷ್ಟು, ಹೊಗೆ ಎಷ್ಟು ದಿನ ಅನ್ನುವುದನ್ನು ಮಾತ್ರ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.